ಯೋಗ್ಯತಾಪತ್ರ ಮತ್ತು ಸಾಕ್ಷಿ: ದೈವಶಾಸ್ತ್ರ ಶಾಲೆಗಳ ಮಾನ್ಯತೆಯನ್ನು ಕುರಿತ ವಿಮರ್ಶೆ

ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಪೌಲನು ಯೋಗ್ಯತಾಪತ್ರಗಳ ಪ್ರಶ್ನೆಯನ್ನು ಎತ್ತುತ್ತಾನೆ. ಒಂದು ಊರಿನ ಸಭೆಯಿಂದ ಮತ್ತೊಂದು ಊರಿನ ಸಭೆಗೆ ಹೋಗುವ ಬೋಧಕನು ತನ್ನನ್ನು ಬಲ್ಲವರಿಂದ ಪತ್ರವನ್ನು ಪಡೆದು ತರುವುದು ಆ ಕಾಲದ ರೂಢಿಯಾಗಿತ್ತು. ಅಂಥ ಪತ್ರಗಳನ್ನು ಹಿಡಿದು ಬಂದ ಕೆಲವರಿಂದ ತನ್ನ ಅಧಿಕಾರವೇ ಸಂದೇಹಕ್ಕೆ ಒಳಗಾದಾಗ, ಪೌಲನು ಕೊರಿಂಥದ ವಿಶ್ವಾಸಿಗಳನ್ನೇ ತನ್ನ ಪತ್ರವೆಂದು ತೋರಿಸಿದನು. ದೈವಶಾಸ್ತ್ರ ಶಾಲೆಗಳಿಗೆ ಹೊರಗಿನವರ ಮಾನ್ಯತೆ ಏಕೆ ಬೇಕು ಎಂದು ಕೇಳುವವರು ಈ ಭಾಗವನ್ನು ಆಗಾಗ ಆಧಾರವಾಗಿ ಮುಂದಿಡುತ್ತಾರೆ. ಕರೆದವನು ದೇವರು, ಫಲ ಕಾಣುವುದು ಸಭೆಯಲ್ಲಿ, ನಡುವೆ ಪರಿಶೀಲನಾ ಸಮಿತಿಗೆ ಏನು ಕೆಲಸ ಎಂಬುದು ಅವರ ವಾದ.

ಆದರೆ ಅದೇ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯವನ್ನು ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆಯ ಪರವಾದ ಶಿಫಾರಸಿನಿಂದ ಆರಂಭಿಸುತ್ತಾನೆ. ಅಪೊಸ್ತಲರ ಕೃತ್ಯಗಳ ಹದಿನೆಂಟನೆಯ ಅಧ್ಯಾಯದಲ್ಲಿ ಅಪೊಲ್ಲೋಸನು ಅಖಾಯಕ್ಕೆ ಹೊರಟಾಗ ಎಫೆಸದ ಸಹೋದರರು ಅಲ್ಲಿಯ ಶಿಷ್ಯರಿಗೆ ಪತ್ರ ಬರೆದುಕೊಡುತ್ತಾರೆ. ಈ ಪ್ರಸಂಗದ ಕ್ರಮವನ್ನು ಗಮನಿಸಬೇಕು. ಅಪೊಲ್ಲೋಸನು ಅಲೆಕ್ಸಾಂದ್ರಿಯದವನು, ವಾಗ್ಮಿ, ಶಾಸ್ತ್ರಗಳಲ್ಲಿ ಪ್ರವೀಣ. ಆದರೂ ಅವನ ತಿಳಿವಳಿಕೆ ಯೋಹಾನನ ದೀಕ್ಷಾಸ್ನಾನದವರೆಗೆ ಮಾತ್ರ ಬಂದು ನಿಂತಿತ್ತು. ಗುಡಾರ ಹೊಲಿಯುವ ಕಸುಬಿನ ಪ್ರಿಸ್ಕಿಲ್ಲ ಮತ್ತು ಅಕ್ವಿಲ್ಲ ಎಂಬ ದಂಪತಿಗಳು ಆ ಕೊರತೆಯನ್ನು ಗುರುತಿಸಿ, ಅವನನ್ನು ಕರೆದುಕೊಂಡು ಹೋಗಿ ಇನ್ನೂ ಸ್ಪಷ್ಟವಾಗಿ ತಿಳಿಸಿಕೊಟ್ಟರು. ಪತ್ರ ಬಂದದ್ದು ಆ ಬಳಿಕ. ಆದುದರಿಂದ ಶಾಸ್ತ್ರವು ಪತ್ರವನ್ನು ನಿರಾಕರಿಸುವುದಿಲ್ಲ. ಪತ್ರವನ್ನು ಬರೆಯುವವರು ಯಾರು, ಏನನ್ನು ಕಂಡು ಬರೆಯುತ್ತಾರೆ, ಯಾರಿಗಾಗಿ ಬರೆಯುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಅದು ನಮ್ಮ ಮುಂದಿಡುತ್ತದೆ. ಇಂದಿನ ಮಾನ್ಯತೆಯ ವ್ಯವಸ್ಥೆಯು ಮೊದಲನೆಯ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅರ್ಧ ಉತ್ತರ ಕೊಡುತ್ತದೆ. ಮೂರನೆಯದನ್ನು ಕೇಳಿಕೊಳ್ಳುವುದೇ ಇಲ್ಲ. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೂರು ಮಾತುಗಳ ಗೊಂದಲ

ನಮ್ಮ ಚರ್ಚೆಗಳಲ್ಲಿ ಮಾನ್ಯತೆ ಎಂಬ ಒಂದೇ ಮಾತು ಮೂರು ಬೇರೆ ಬೇರೆ ಸಂಗತಿಗಳಿಗೆ ಬಳಕೆಯಾಗುತ್ತಿದೆ. ಮೊದಲನೆಯದು ಪದವಿ ನೀಡುವ ಅಧಿಕಾರ. ಭಾರತದಲ್ಲಿ 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯ್ದೆಯ 22ನೆಯ ವಿಧಿಯ ಪ್ರಕಾರ, ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ ಅಥವಾ ಶಾಸನವು ಅಧಿಕಾರವಿತ್ತ ಸಂಸ್ಥೆ ಮಾತ್ರ ಪದವಿ ನೀಡಬಹುದು. ಸಂವಿಧಾನದ 30ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕಿನಿಂದಲೇ ಪದವಿ ನೀಡುವ ಅಧಿಕಾರ ಹುಟ್ಟುವುದಿಲ್ಲ. ಎರಡನೆಯದು ಸಂಯೋಜನೆ, ಅಂದರೆ ಪದವಿ ನೀಡುವ ಸಂಸ್ಥೆಯೊಂದಕ್ಕೆ ಕಾಲೇಜು ಸೇರಿಕೊಂಡು ಅದರ ಪಠ್ಯಕ್ರಮ ಮತ್ತು ಪರೀಕ್ಷೆಗೆ ಒಳಪಡುವುದು. ಮೂರನೆಯದೇ ನಿಜವಾದ ಅರ್ಥದ ಮಾನ್ಯತೆ: ಸಮಾನಸ್ಕಂಧ ಶಾಲೆಗಳು ಕೂಡಿ ಮಾನದಂಡಗಳನ್ನು ನಿಗದಿಮಾಡಿ, ಒಂದು ಶಾಲೆಯು ಅವುಗಳನ್ನು ಮುಟ್ಟಿದೆಯೇ ಎಂದು ನಿಯತಕಾಲಕ್ಕೆ ಪರಿಶೀಲಿಸುವುದು.

ಈ ಮೂರನ್ನೂ ಸೆರಾಂಪುರದ ಇತಿಹಾಸದಲ್ಲಿ ಬಿಡಿಬಿಡಿಯಾಗಿ ನೋಡಬಹುದು. ಕೇರಿ, ಮಾರ್ಷ್‌ಮನ್ ಮತ್ತು ವಾರ್ಡ್ 1818ರಲ್ಲಿ ಕಾಲೇಜನ್ನು ಸ್ಥಾಪಿಸಿದರು. ಆಗ ಆ ಊರು ಡೇನಿಷ್ ವಸಾಹತು. ಡೆನ್ಮಾರ್ಕಿನ ಆರನೆಯ ಫ್ರೆಡರಿಕ್ ದೊರೆ 1827ರಲ್ಲಿ ಸನ್ನದನ್ನು ನೀಡಿ, ಪದವಿ ಕೊಡುವ ಅಧಿಕಾರವನ್ನು ಕಾಲೇಜಿಗೆ ಒಪ್ಪಿಸಿದನು. 1845ರಲ್ಲಿ ಊರು ಬ್ರಿಟಿಷರ ಕೈಸೇರಿದಾಗಲೂ ಒಪ್ಪಂದವು ಆ ಸನ್ನದಿನ ಹಕ್ಕುಗಳನ್ನು ಉಳಿಸಿತು. ಆದರೆ ಮೊದಲ ಬಿ.ಡಿ. ಪದವಿಗಳನ್ನು ಪ್ರದಾನಮಾಡಿದ್ದು 1915ರಲ್ಲಿ. ಅಧಿಕಾರ ಕೈಗೆ ಬಂದ ಮೇಲೆ ಸುಮಾರು ತೊಂಬತ್ತು ವರ್ಷ ದೈವಶಾಸ್ತ್ರದ ಪದವಿ ಹೊರಬರಲಿಲ್ಲ. 1918ರ ಬಂಗಾಳದ ಸೆರಾಂಪುರ ಕಾಲೇಜು ಕಾಯ್ದೆಯು ಸೆನೆಟ್ ಸಭೆಯನ್ನು ರಚಿಸಿ, ಬೇರೆ ಬೇರೆ ಸಭಾಪಂಗಡಗಳ ಕಾಲೇಜುಗಳು ಒಂದೇ ಪರೀಕ್ಷಾಪದ್ಧತಿಯೊಳಗೆ ಬರುವ ದಾರಿಯನ್ನು ತೆರೆಯಿತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜುಗಳು ಈ ದಾರಿಯಲ್ಲಿ ಬಂದವು. ಕಥೋಲಿಕ ಸಭೆಯಲ್ಲಿ ಪದವಿಯ ಅಧಿಕಾರವು ಪೋಪರ ಪೀಠದಿಂದ ಬರುತ್ತದೆ; ಆ ಶಿಕ್ಷಣದ ಗುಣಮಟ್ಟವನ್ನು ಪರಿಶೀಲಿಸಲು 2007ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ಪ್ರತ್ಯೇಕ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಅಧಿಕಾರ ಇರುವುದೂ ಅದನ್ನು ತಕ್ಕಂತೆ ಬಳಸುವುದೂ ಬೇರೆ ಬೇರೆ ಎಂಬ ಅರಿವು ಎರಡೂ ಪರಂಪರೆಗಳಲ್ಲಿ ಇದೆ.

ಬರೆಯುವವರು ಯಾರು

ಸಂಯೋಜನೆಗೆ ಹೊರತಾದ ಮಾನ್ಯತೆಯ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿಯ ಮತ್ತು ಕೆನಡಾದ ದೈವಶಾಸ್ತ್ರ ಶಾಲೆಗಳು 1918ರಲ್ಲಿ ಒಟ್ಟುಗೂಡಿ, 1936ರಲ್ಲಿ ಮಾನದಂಡಗಳನ್ನು ಅಂಗೀಕರಿಸಿ, 1938ರಲ್ಲಿ ಮಾನ್ಯತೆ ಪಡೆದ ಶಾಲೆಗಳ ಮೊದಲ ಪಟ್ಟಿಯನ್ನು ಪ್ರಕಟಿಸಿದವು. 1970ರಲ್ಲಿ ಹುಟ್ಟಿದ ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್ ನಮ್ಮ ಭಾಗದ ಇವಾಂಜಲಿಕಲ್ ಶಾಲೆಗಳಿಗೆ ಇದೇ ಬಗೆಯ ಪರಿಶೀಲನೆಯನ್ನು ತಂದಿತು. ಇದರ ಹಂತಗಳು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಶಾಲೆಯು ಮೊದಲು ಆತ್ಮಾವಲೋಕನದ ವರದಿಯನ್ನು ಸಿದ್ಧಪಡಿಸುತ್ತದೆ. ಬೇರೆ ಶಾಲೆಗಳ ಅಧ್ಯಾಪಕರ ತಂಡ ಬಂದು ತರಗತಿ, ಗ್ರಂಥಾಲಯ, ಲೆಕ್ಕಪತ್ರ, ಆಡಳಿತಗಳನ್ನು ನೋಡಿ ವರದಿಯೊಡನೆ ತಾಳೆಹಾಕುತ್ತದೆ. ಸಮಿತಿಯು ಕೆಲವು ವರ್ಷಗಳ ಅವಧಿಗೆ ಮಾನ್ಯತೆ ಕೊಡುತ್ತದೆ ಅಥವಾ ತಿದ್ದುಪಡಿಗಳನ್ನು ಸೂಚಿಸುತ್ತದೆ. ಎಫೆಸದ ಕ್ರಮವು ಇಲ್ಲಿ ಸ್ವಲ್ಪಮಟ್ಟಿಗೆ ಉಳಿದಿದೆ. ಮೊದಲು ಪರೀಕ್ಷೆ ಮತ್ತು ತಿದ್ದುವಿಕೆ, ಬಳಿಕ ಪತ್ರ.

ಇಂಥ ಹೊರಗಿನ ಸಾಕ್ಷಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಟೆಕ್ಸಾಸಿನ ಒಂದು ಮೊಕದ್ದಮೆ ತೋರಿಸುತ್ತದೆ. ಅಲ್ಲಿಯ ಕಾನೂನಿನ ಪ್ರಕಾರ, ಸರ್ಕಾರ ಒಪ್ಪಿದ ಮಾನ್ಯತೆ ಅಥವಾ ಅನುಮತಿಪತ್ರ ಇಲ್ಲದ ಶಾಲೆಯು ಸೆಮಿನರಿ ಎಂಬ ಹೆಸರನ್ನು ಬಳಸುವಂತಿರಲಿಲ್ಲ, ಪದವಿಯನ್ನೂ ಕೊಡುವಂತಿರಲಿಲ್ಲ. ಫೋರ್ಟ್‌ವರ್ತ್ ನಗರದ ಟಿಂಡೇಲ್ ಥಿಯಾಲಾಜಿಕಲ್ ಸೆಮಿನರಿಗೆ ಇದಕ್ಕಾಗಿ 1,73,000 ಡಾಲರ್ ದಂಡ ವಿಧಿಸಲಾಯಿತು. 2007ರಲ್ಲಿ ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯವು ಸೆಮಿನರಿಯ ಪರವಾಗಿ ತೀರ್ಪಿತ್ತು, ಧಾರ್ಮಿಕ ಶಿಕ್ಷಣವು ಹೇಗಿರಬೇಕೆಂದು ನಿರ್ಧರಿಸುವ ಕೆಲಸ ಸರ್ಕಾರದ್ದಲ್ಲ ಎಂಬ ನಿಲುವನ್ನು ತಳೆಯಿತು. ತೀರ್ಪು ಸರಿಯಾದುದೇ. ಯಾವ ಬೋಧಕನು ದೈವಶಾಸ್ತ್ರವನ್ನು ಕಲಿಸಲು ಅರ್ಹನೆಂದು ಹೇಳುವ ಹಕ್ಕನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟ ಸಭೆಯು ತನ್ನ ಬೋಧನೆಯನ್ನೂ ಬಿಟ್ಟುಕೊಟ್ಟಂತೆ. ಆದರೆ ಇದರಿಂದ ಶಾಲೆಯ ಹೊಣೆ ಹಗುರವಾಗದೆ ಇನ್ನೂ ಭಾರವಾಗುತ್ತದೆ. ಸರ್ಕಾರವು ಪರೀಕ್ಷಿಸಲಾರದು ಎಂದಾದ ಮೇಲೆ ಸಭೆಯೇ ಪರೀಕ್ಷಿಸಬೇಕು. ಯಾರೂ ಪರೀಕ್ಷಿಸದ ಸ್ಥಳದಲ್ಲಿ ಶಾಲೆಯು ತನಗೆ ತಾನೇ ಸಾಕ್ಷಿಯಾಗುತ್ತದೆ.

ಈ ಅಪಾಯವು ದೂರದ ದೇಶದ್ದಲ್ಲ. ಹಣ ಕೊಟ್ಟವರಿಗೆ ಗೌರವ ಡಾಕ್ಟರೇಟ್ ನೀಡುವ ಹೆಸರುಮಾತ್ರದ ಸಂಸ್ಥೆಗಳೂ, ಅವುಗಳಿಗೆ ಮಾನ್ಯತೆ ಕೊಡಲೆಂದೇ ಹುಟ್ಟಿದ ಇನ್ನಷ್ಟು ಹೆಸರುಮಾತ್ರದ ಮಂಡಲಿಗಳೂ ನಮ್ಮ ನಡುವೆ ಇವೆ. ಸುವಾರ್ತಾಕೂಟಗಳ ಭಿತ್ತಿಪತ್ರಗಳಲ್ಲಿ ಹೆಸರಿನ ಹಿಂದೆ ಅಂಟಿರುವ ಬಿರುದುಗಳಲ್ಲಿ ಎಷ್ಟು ಅಧ್ಯಯನದಿಂದ ಬಂದವು ಎಂದು ಕೇಳುವ ಧೈರ್ಯ ಸಾಮಾನ್ಯ ವಿಶ್ವಾಸಿಗೆ ಇರುವುದಿಲ್ಲ. ನಷ್ಟ ಆಗುವುದು ಅವನಿಗೇ. ಪ್ರಾಮಾಣಿಕ ಮಾನ್ಯತೆಯು ಅವನ ಪರವಾಗಿ ಆ ಪ್ರಶ್ನೆಯನ್ನು ಕೇಳುತ್ತದೆ. ಈ ಕಾರಣದಿಂದ ಮಾನ್ಯತೆಯೇ ಬೇಡವೆಂಬ ವಾದವನ್ನು ಒಪ್ಪಲಾಗದು.

ಏನನ್ನು ಕಂಡು ಬರೆಯುತ್ತಾರೆ

ಎರಡನೆಯ ಪ್ರಶ್ನೆಯಲ್ಲಿ ವ್ಯವಸ್ಥೆಯ ದೌರ್ಬಲ್ಯ ಕಾಣತೊಡಗುತ್ತದೆ. ಭೇಟಿನೀಡುವ ತಂಡಕ್ಕೆ ಎರಡು ಮೂರು ದಿನಗಳ ಅವಕಾಶ. ಅಷ್ಟರಲ್ಲಿ ನೋಡಬಹುದಾದುದು ಎಣಿಸಬಹುದಾದುದು ಮಾತ್ರ: ಪುಸ್ತಕಗಳ ಸಂಖ್ಯೆ, ಅಧ್ಯಾಪಕರ ಪದವಿಗಳು, ವಿದ್ಯಾರ್ಥಿಗಳ ಪ್ರಮಾಣ, ಬೋಧನೆಯ ಗಂಟೆಗಳು. ಇವು ಬೇಕಾದವೇ. ಆದರೆ ಗ್ರಂಥಾಲಯದಲ್ಲಿ ಎಷ್ಟು ಪುಸ್ತಕಗಳಿವೆ ಎಂಬ ಪ್ರಶ್ನೆಯು, ಅವುಗಳಲ್ಲಿ ಎಷ್ಟನ್ನು ವಿದ್ಯಾರ್ಥಿಯು ತನ್ನ ಭಾಷೆಯಲ್ಲಿ ಓದಬಲ್ಲ ಎಂಬ ಪ್ರಶ್ನೆಯನ್ನು ಮರೆಸಿಬಿಡಬಹುದು.

ಈ ಅಳತೆಗೋಲುಗಳಿಗೂ ಒಂದು ಚರಿತ್ರೆಯಿದೆ. 1957ರ ಕೊನೆಯಿಂದ 1958ರ ಆರಂಭದವರೆಗೆ ಘಾನಾ ದೇಶದಲ್ಲಿ ಸೇರಿದ ಅಂತರರಾಷ್ಟ್ರೀಯ ಮಿಷನರಿ ಪರಿಷತ್ತು ಥಿಯಾಲಾಜಿಕಲ್ ಎಜುಕೇಷನ್ ಫಂಡ್ ಎಂಬ ನಿಧಿಯನ್ನು ಆರಂಭಿಸಿತು. ಮೊತ್ತ ನಲವತ್ತು ಲಕ್ಷ ಡಾಲರ್. ಅರ್ಧವನ್ನು ಕಿರಿಯ ಜಾನ್ ರಾಕ್‌ಫೆಲರ್, ಉಳಿದರ್ಧವನ್ನು ಮಿಷನ್ ಮಂಡಲಿಗಳು ಕೊಟ್ಟವು. ಏಷ್ಯಾ, ಆಫ್ರಿಕ, ಲ್ಯಾಟಿನ್ ಅಮೆರಿಕದ ಶಾಲೆಗಳಲ್ಲಿ ಗ್ರಂಥಾಲಯಗಳು ತುಂಬಿದವು, ಪಠ್ಯಪುಸ್ತಕಗಳು ಬಂದವು, ಅಧ್ಯಾಪಕರು ಉನ್ನತ ವ್ಯಾಸಂಗ ಮಾಡಿದರು. ಉಪಕಾರ ದೊಡ್ಡದು. ಆದರೆ ಮಟ್ಟ ಎಂದರೆ ಪಶ್ಚಿಮದ ವಿಶ್ವವಿದ್ಯಾಲಯಗಳ ಮಟ್ಟವೇ ಎಂಬ ಎಣಿಕೆಯೂ ಜೊತೆಯಲ್ಲಿ ಬಂದಿತು. ಈ ಎಣಿಕೆಯನ್ನು ಪ್ರಶ್ನಿಸಿದವರು ಹೊರಗಿನವರಲ್ಲ. ಅದೇ ನಿಧಿಯ ನಿರ್ದೇಶಕರಾಗಿದ್ದ ತೈವಾನಿನ ಶೋಕಿ ಕೋ, 1972ರ ಸುಮಾರಿಗೆ, ಶಾಲೆಯ ಶ್ರೇಷ್ಠತೆಯನ್ನು ಅದು ನಿಂತ ನೆಲದ ಸನ್ನಿವೇಶಕ್ಕೆ ಅದು ಕೊಡುವ ಉತ್ತರದಿಂದ ಅಳೆಯಬೇಕೆಂಬ ವಿಚಾರವನ್ನು ಬೆಳೆಸಿದರು. ಸಂದರ್ಭೀಕರಣ ಎಂದು ನಾವಿಂದು ಸುಲಭವಾಗಿ ಬಳಸುವ ಮಾತು ಮಟ್ಟವನ್ನು ಕುರಿತ ಈ ವಿವಾದದಲ್ಲೇ ಹುರಿಗೊಂಡಿತು.

ಐವತ್ತು ವರ್ಷಗಳ ಬಳಿಕ ಆ ಮಾತು ಪಠ್ಯಕ್ರಮದ ಶೀರ್ಷಿಕೆಗಳಲ್ಲಿ ನೆಲೆಸಿದೆ, ಅಳತೆಗೋಲಿಗೆ ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ. ಕನ್ನಡ ಸಭೆಗಳಿಗೆ ಇದು ನೇರವಾಗಿ ತಟ್ಟುವ ವಿಷಯ. ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಉತ್ತೀರ್ಣನಾದ ಸಭಾಪಾಲಕನು ಮರುಭಾನುವಾರ ಕನ್ನಡದಲ್ಲಿ ಪ್ರಸಂಗಿಸಬೇಕು, ಸಾವಿನ ಮನೆಯಲ್ಲಿ ಕನ್ನಡದಲ್ಲಿ ಪ್ರಾರ್ಥಿಸಬೇಕು. ಕೃಪೆ, ನೀತಿ, ವಿಮೋಚನೆ ಎಂಬ ಪದಗಳು ಕನ್ನಡದ ಕಿವಿಯಲ್ಲಿ ಏನೇನು ಅರ್ಥಗಳನ್ನು ಎಬ್ಬಿಸುತ್ತವೆ ಎಂಬುದನ್ನು ಅವನು ಪರೀಕ್ಷೆಗಾಗಿ ಎಂದೂ ಯೋಚಿಸಿರಬೇಕಾಗಿಲ್ಲ. ಮದುರೆಯ ತಮಿಳುನಾಡು ಥಿಯಾಲಾಜಿಕಲ್ ಸೆಮಿನರಿ ತಮಿಳಿನಲ್ಲಿ ದೈವಶಾಸ್ತ್ರವನ್ನು ಬೋಧಿಸಿ ತೋರಿಸಿದೆ. ಆದುದರಿಂದ ದೇಶಭಾಷೆಯಲ್ಲಿ ಉನ್ನತ ದೈವಶಾಸ್ತ್ರ ಅಸಾಧ್ಯವೆಂಬ ಮಾತು ನಿಲ್ಲದು.

ನಮ್ಮ ನೆಲದ ಉದಾಹರಣೆಯನ್ನೂ ನೆನೆಯಬಹುದು. ಫರ್ಡಿನಾಂಡ್ ಕಿಟ್ಟೆಲ್ ಕಲಿತ ಬಾಸೆಲ್ ಮಿಷನ್ನಿನ ಶಿಕ್ಷಣಶಾಲೆ ವಿಶ್ವವಿದ್ಯಾಲಯವಾಗಿರಲಿಲ್ಲ. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1896ರಲ್ಲಿ. ದಶಕಗಳ ಕೆಲಸ ಮೊದಲು ಮುಗಿಯಿತು, ಪತ್ರ ಆಮೇಲೆ ಬಂತು. ಕಿಟ್ಟೆಲ್ಲರಂಥವರು ವಿರಳರಾದುದರಿಂದ ಇದನ್ನು ನಿಯಮವಾಗಿಸಲಾಗದು, ಮಾನ್ಯತೆಯನ್ನು ತಿರಸ್ಕರಿಸಲು ಆಧಾರವಾಗಿಯೂ ಬಳಸಲಾಗದು. ಆದರೂ ಒಂದು ಶಾಲೆಯ ಕೊಡುಗೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು, ಪರಿಶೀಲನೆಯ ನಮೂನೆಯಲ್ಲಿ ತುಂಬಲು ಅಂಕಣವೇ ಇಲ್ಲದ ಕಡೆ ಇರಬಹುದೆಂಬುದನ್ನು ಇದು ನೆನಪಿಸುತ್ತದೆ.

ಯಾರಿಗಾಗಿ ಬರೆಯುತ್ತಾರೆ

ಎಫೆಸದವರು ಪತ್ರ ಬರೆದದ್ದು ಅಖಾಯದ ಶಿಷ್ಯರಿಗೆ, ಅಂದರೆ ಅಪೊಲ್ಲೋಸನನ್ನು ಬರಮಾಡಿಕೊಳ್ಳಬೇಕಾಗಿದ್ದ ಸಭೆಗೆ. ಇಂದಿನ ಮಾನ್ಯತಾಪತ್ರವನ್ನು ಓದುವವರು ಬಹುಮಟ್ಟಿಗೆ ಇತರ ಶಾಲೆಗಳು: ಮುಂದಿನ ಪದವಿಗೆ ಪ್ರವೇಶ ಕೊಡುವವರು, ವಿದ್ಯಾರ್ಥಿವೇತನ ನೀಡುವವರು. ವಿದ್ಯಾವಂತರು ವಿದ್ಯಾವಂತರಿಗೆ ಬರೆದ ಪತ್ರವಾಗಿ ಅದು ಉಳಿದುಬಿಟ್ಟಿದೆ. ಪದವೀಧರನನ್ನು ಸ್ವೀಕರಿಸುವ ಹಳ್ಳಿಯ ಸಭೆಯು ಆ ಪತ್ರವನ್ನು ಬರೆಯುವಲ್ಲೂ ಇಲ್ಲ, ಓದುವಲ್ಲೂ ಇಲ್ಲ. ಇವಾಂಜಲಿಕಲ್ ಮಾನ್ಯತಾಮಂಡಲಿಗಳ ಅಂತರರಾಷ್ಟ್ರೀಯ ಪರಿಷತ್ತು 1983ರಲ್ಲಿ ಹೊರಡಿಸಿದ ಪ್ರಣಾಳಿಕೆಯು ದೈವಶಾಸ್ತ್ರ ಶಿಕ್ಷಣವು ಸಭೆಯತ್ತ ಮುಖಮಾಡಬೇಕೆಂದು ಸ್ಪಷ್ಟವಾಗಿ ಒಪ್ಪಿಕೊಂಡಿತು. ಒಪ್ಪಿದ್ದನ್ನು ಕಾರ್ಯವಿಧಾನಕ್ಕೆ ತರುವ ಕೆಲಸ ಬಾಕಿಯಿದೆ.

ಇದಕ್ಕೆ ದೊಡ್ಡ ಸುಧಾರಣೆಯೇನೂ ಬೇಕಾಗಿಲ್ಲ. ಕರ್ನಾಟಕದ ಶಾಲೆಯ ಆತ್ಮಾವಲೋಕನದ ವರದಿಯು ಕನ್ನಡದಲ್ಲಿಯೂ ಸಿದ್ಧವಾಗಿ, ಅದಕ್ಕೆ ವಿದ್ಯಾರ್ಥಿಗಳನ್ನು ಕಳುಹಿಸುವ ಸಭೆಗಳ ಕೈಸೇರಲಿ. ಭೇಟಿಯ ತಂಡವು ಅರ್ಧ ದಿನವನ್ನಾದರೂ, ಐದು ವರ್ಷಗಳ ಹಿಂದೆ ಉತ್ತೀರ್ಣನಾದ ಒಬ್ಬ ಸಭಾಪಾಲಕನ ಸಭೆಯಲ್ಲಿ ಕಳೆಯಲಿ. ಅಲ್ಲಿಯ ಹಿರಿಯರನ್ನು, ಸ್ತ್ರೀಮೈತ್ರಿಯವರನ್ನು, ಯುವಕರನ್ನು ಮಾತನಾಡಿಸಲಿ. ಗ್ರಂಥಾಲಯದ ಎಣಿಕೆಯಲ್ಲಿ ಕನ್ನಡದ ಕೃತಿಗಳಿಗೆ ಪ್ರತ್ಯೇಕ ಸ್ಥಾನವಿರಲಿ. ಅಧ್ಯಾಪಕನು ಕನ್ನಡದಲ್ಲಿ ಬರೆದ ವ್ಯಾಖ್ಯಾನವು ವಿದೇಶದ ಪತ್ರಿಕೆಯ ಲೇಖನದಷ್ಟೇ ಲೆಕ್ಕಕ್ಕೆ ಬರಲಿ.

ಸಭೆಯನ್ನು ಒಳಗೆ ಬಿಟ್ಟರೆ ಸಭಾರಾಜಕೀಯವೂ ಒಳಗೆ ಬರುತ್ತದೆ ಎಂಬ ಆಕ್ಷೇಪಣೆಯು ತಳ್ಳಿಹಾಕುವಂಥದ್ದಲ್ಲ. ಆಡಳಿತದ ಬಣಗಳು ಪ್ರಾಂಶುಪಾಲರನ್ನು ನೇಮಿಸುವುದನ್ನೂ ಇಳಿಸುವುದನ್ನೂ ನಾವು ಕಂಡಿದ್ದೇವೆ. ಆದುದರಿಂದಲೇ ತೀರ್ಮಾನದ ಅಧಿಕಾರವು ಸಮಾನಸ್ಕಂಧ ಶಾಲೆಗಳ ಬಳಿಯೇ ಇರಬೇಕು. ಸಭೆಯಿಂದ ನಾವು ಕೇಳುತ್ತಿರುವುದು ಸಾಕ್ಷಿಯನ್ನು, ಮತವನ್ನಲ್ಲ. ಸಭೆಗಳಿಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ಸೆಮಿನರಿಯಿಂದ ಬಂದವರಿಗೆ ಏನೂ ತಿಳಿಯದೆಂದು ದೂರುವ ಸಭೆಗಳು, ಅಲ್ಲಿಗೆ ಎಂಥವರನ್ನು ಕಳುಹಿಸಿದವು, ಕನ್ನಡದ ಪಠ್ಯಗಳಿಗೆ ಎಷ್ಟು ಹಣ ಕೊಟ್ಟವು ಎಂಬುದಕ್ಕೂ ಲೆಕ್ಕ ಕೊಡಬೇಕು.

ಪ್ರಿಸ್ಕಿಲ್ಲ ಮತ್ತು ಅಕ್ವಿಲ್ಲರಿಗೆ ಅಲೆಕ್ಸಾಂದ್ರಿಯದ ವಿದ್ಯೆ ಇರಲಿಲ್ಲ. ಆದರೂ ಆ ವಿದ್ಯೆಯಲ್ಲಿ ಏನು ಕಡಿಮೆಯಾಗಿದೆ ಎಂಬುದನ್ನು ಅವರು ಅಪೊಲ್ಲೋಸನ ಮಾತು ಕೇಳಿದೊಡನೆ ಗುರುತಿಸಿದರು. ನಮ್ಮ ಸಭೆಗಳಲ್ಲಿ ಅಂಥ ಕೇಳುಗರು ಇಂದಿಗೂ ಇದ್ದಾರೆ. ಪರಿಶೀಲನೆಯ ತಂಡವು ಮುಂದಿನ ಸಲ ಬಂದಾಗ ಅವರನ್ನೂ ಕೇಳಬೇಕು.