ಹುಟ್ಟಿನ ಹಾಡು, ಹುಟ್ಟಿನ ಪ್ರಶ್ನೆ

1993ರ 'ಆಕಸ್ಮಿಕ' ಚಿತ್ರಕ್ಕೆ ಹಂಸಲೇಖ ಬರೆದು ರಾಗ ಹಾಕಿದ, ರಾಜಕುಮಾರ್ ಹಾಡಿದ 'ಹುಟ್ಟಿದರೆ ಕನ್ನಡ ನಾಡಲ್ಲಿ' ಇವತ್ತಿಗೂ ರಾಜ್ಯೋತ್ಸವದ ಹಾಡು. ನಾಡಪ್ರೇಮವನ್ನು ಪಂಡಿತರ ವೇದಿಕೆಯಿಂದ ಇಳಿಸಿ ಜಟಕಾಬಂಡಿ ಹತ್ತಿಸಿದ್ದೇ ಅದರ ಗೆಲುವು. ಕಲಬುರಗಿಯ ಆಟೋದವನೂ ಕಮಲಾಪುರದ ಕೆಂಪುಬಾಳೆ ತೋಟದ ಕೂಲಿಯೂ ಗುನುಗುವ ಈ ಹಾಡನ್ನು 'ಬರೇ ಸಿನಿಮಾದ್ದು' ಎಂದು ತಳ್ಳುವುದು ಮೇಲ್ಜಾತಿ ರುಚಿಯ ಸೊಕ್ಕು.

ಆದರೆ ಹಾಡು ಹೆಮ್ಮೆಪಡುವುದು ಹುಟ್ಟಿನ ಬಗ್ಗೆ. ಇಲ್ಲಿ ಹುಟ್ಟಿದ ಕೂಸಿಗೆ ನಾಡಿಗಿಂತ ಮೊದಲು ಸಿಗುವುದು ಜಾತಿ. 1956ರ ನವೆಂಬರ್ 1ರಂದು ಕಲಬುರಗಿ ಹೈದರಾಬಾದ್ ರಾಜ್ಯ ಬಿಟ್ಟು ಕನ್ನಡ ರಾಜ್ಯ ಸೇರಿತು. ನಕಾಶೆ ಬದಲಾತು, ಊರು-ಕೇರಿಯ ಗೆರೆ ಅಳಿಸಲಿಲ್ಲ. ಈ ಗೆರೆಯ ಬಗ್ಗೆ ಹಾಡು ಸುಮ್ಮನಿದೆ.

ಹಾಡೋಣ, ಬಿಡೋದು ಬ್ಯಾಡ. ಧ್ವನಿವರ್ಧಕ ನಿಂತ ಮ್ಯಾಲೆ ಮಾಸ್ತರರು, ಹುಡುಗರು ಕೂತು ಕೇಳಲಿ: ಯಾವ ಕೇರಿಯಾಗ ಹುಟ್ಟಿದರೂ ಒಂದೇ ಬಾವಿ ನೀರು ಕುಡಿಯೋ ಕನ್ನಡ ನಾಡು ಕಟ್ಟೋದು ಯಾವಾಗ?