ಗುರುತು ಮತ್ತು ನೆಲೆ: ಜಿಯೋಗೆಸ್ಸರ್ ವಿಡಿಯೊಗಳ ಒಂದು ಓದು

ಸ್ವೀಡನ್ನಿನ ಆಂಟನ್ ವಾಲೇನ್ 2013ರಲ್ಲಿ ರೂಪಿಸಿದ ಜಿಯೋಗೆಸ್ಸರ್ ಎಂಬ ಅಂತರ್ಜಾಲ ಆಟದ ನಿಯಮ ಸರಳವಾದುದು. ಗೂಗಲ್ ಸ್ಟ್ರೀಟ್ ವ್ಯೂ ಸಂಗ್ರಹದಿಂದ ಆರಿಸಿದ ಯಾವುದೋ ಒಂದು ರಸ್ತೆಯ ಚಿತ್ರ ಆಟಗಾರರ ಮುಂದೆ ತೆರೆದುಕೊಳ್ಳುತ್ತದೆ. ಅದು ಜಗತ್ತಿನ ಯಾವ ಮೂಲೆಯೆಂದು ಊಹಿಸಿ ನಕ್ಷೆಯ ಮೇಲೆ ಗುರುತು ಹಾಕಬೇಕು. ಐದು ಸುತ್ತು, ಸುತ್ತಿಗೆ ಹೆಚ್ಚೆಂದರೆ 5,000 ಅಂಕ; ಗುರುತು ನಿಜವಾದ ಸ್ಥಳದಿಂದ ದೂರವಾದಷ್ಟೂ ಅಂಕ ಕಡಿಮೆ. ಕಳೆದ ಒಂದು ದಶಕದಲ್ಲಿ ಈ ಆಟದ ಸುತ್ತ ಒಂದು ವಿಡಿಯೊ ಪ್ರಕಾರವೇ ಬೆಳೆದಿದೆ. ಆಟವನ್ನು ಎಂದೂ ಆಡದವರೂ ಅದರ ಪ್ರೇಕ್ಷಕರಾಗಿದ್ದಾರೆ. ಫಲಕ, ಲಿಪಿ, ಊರ ಹೆಸರುಗಳು ಈ ಪ್ರಕಾರದ ಸಾಮಗ್ರಿ. ಗಡಿನಾಡಿನ ಭಾಷಾಧ್ಯಯನದ ಸಾಮಗ್ರಿಯೂ ಬಹುಮಟ್ಟಿಗೆ ಇದೇ ಆಗಿರುವುದರಿಂದ, ಈ ವಿಡಿಯೊಗಳು ಸ್ಥಳವನ್ನು ಹೇಗೆ ಓದುತ್ತವೆ, ಎಲ್ಲಿ ಓದಲಾರದೆ ನಿಲ್ಲುತ್ತವೆ ಎಂಬುದನ್ನು ವಿಮರ್ಶೆಯ ಪ್ರಶ್ನೆಯಾಗಿ ಎತ್ತಿಕೊಳ್ಳುವುದು ಉಚಿತ.

ಪ್ರಕಾರದ ಎರಡು ತುದಿಗಳನ್ನು ಇಬ್ಬರು ಪ್ರತಿನಿಧಿಸುತ್ತಾರೆ. ಜಿಯೋವಿಝರ್ಡ್ ಎಂಬ ಹೆಸರಿನಲ್ಲಿ ಯೂಟ್ಯೂಬ್ ವಾಹಿನಿ ನಡೆಸುವ ಇಂಗ್ಲೆಂಡಿನ ಟಾಮ್ ಡೇವೀಸ್ ಅವರದು ನಿಧಾನದ ಮಾರ್ಗ. ಚಿತ್ರದೊಳಗಿನ ರಸ್ತೆಯಲ್ಲಿ ಅವರು ಮುಂದೆ ಮುಂದೆ ಸಾಗುತ್ತಾರೆ. ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ಕಟ್ಟಿದ ಊಹೆಯನ್ನು ಮುಂದಿನ ತಿರುವಿನಲ್ಲಿ ತಾವೇ ಕೆಡವುತ್ತಾರೆ. ಮಣ್ಣಿನ ಬಣ್ಣ, ಬೆಳೆ, ಮನೆಯ ಮಾಡು, ಅರ್ಧ ಅಳಿಸಿದ ಜಾಹೀರಾತು ಎಲ್ಲವೂ ಅವರ ವಾದದೊಳಗೆ ಬರುತ್ತವೆ. ಅಮೆರಿಕದ ಟ್ರೆವರ್ ರೈನ್‌ಬೋಲ್ಟ್ ಅವರದು ವೇಗದ ಮಾರ್ಗ. ಟಿಕ್‌ಟಾಕ್‌ನ ಕಿರುವಿಡಿಯೊಗಳಿಂದ ವಿಖ್ಯಾತರಾದ ಅವರು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಕಂಡ ಚಿತ್ರವನ್ನು, ಬಣ್ಣ ಕಳೆದ ಚಿತ್ರವನ್ನು, ಚೌಕುಳಿಗಳಾಗಿ ಒಡೆದ ಚಿತ್ರವನ್ನು ಕಂಡು ದೇಶದ ಹೆಸರು ಹೇಳುತ್ತಾರೆ. ಮೊದಲಿನವರಲ್ಲಿ ನೋಡುಗರಿಗೆ ಸಿಗುವುದು ತರ್ಕದ ಸಹಭಾಗಿತ್ವ, ಎರಡನೆಯವರಲ್ಲಿ ಬೆರಗು. ತರ್ಕವು ಅಭ್ಯಾಸದಿಂದ ಸ್ಮೃತಿಯಾಗಿ ಗಟ್ಟಿಗೊಂಡಾಗ ಅದರ ಮೆಟ್ಟಿಲುಗಳು ಕಾಣದಾಗುತ್ತವೆ; ರೈನ್‌ಬೋಲ್ಟ್ ಅವರ ಕಲೆ ನಿಂತಿರುವುದು ಈ ಕಾಣದಿರುವಿಕೆಯ ಮೇಲೆ.

ಕ್ಷುಲ್ಲಕವೆನಿಸುವ ಕುರುಹಿನಿಂದ ಇಡಿಯನ್ನು ಊಹಿಸುವ ವಿಧಾನಕ್ಕೆ ಹಳೆಯ ವಂಶಾವಳಿಯಿದೆ. ಇಟಲಿಯ ಇತಿಹಾಸಕಾರ ಕಾರ್ಲೋ ಗಿನ್ಸ್‌ಬರ್ಗ್ 1979ರ ತಮ್ಮ ಪ್ರಬಂಧದಲ್ಲಿ ಅದನ್ನು ಗುರುತಿಸಿದ್ದಾರೆ: ಕಿವಿಯ ಹಾಲೆ, ಉಗುರುಗಳ ಆಕಾರ ನೋಡಿ ಚಿತ್ರಕಾರನನ್ನು ಪತ್ತೆಮಾಡಿದ ಮೊರೆಲ್ಲಿ, ಷರ್ಲಾಕ್ ಹೋಮ್ಸ್, ಫ್ರಾಯ್ಡ್. ಅಕ್ಷರದ ತಿರುವಿನಿಂದ ಶಾಸನದ ಕಾಲ ನಿರ್ಣಯಿಸುವ ನಮ್ಮ ಲಿಪಿತಜ್ಞರೂ ಇದೇ ಸಾಲಿನವರು. ಆದರೆ ಈ ಆಟದ ನಿಪುಣರು ಹೆಚ್ಚು ನಂಬುವ ಕುರುಹುಗಳು ಯಾವುವು ಎಂಬುದನ್ನು ಗಮನಿಸಬೇಕು. ಬೊಲ್ಲಾರ್ಡ್ ಎನ್ನಲಾಗುವ ರಸ್ತೆಯಂಚಿನ ಗೂಟ, ವಿದ್ಯುತ್ ಕಂಬ, ರಸ್ತೆಯ ನಡುಗೆರೆಯ ಬಣ್ಣ, ವಾಹನದ ನಂಬರ್ ಪ್ಲೇಟಿನ ಆಕಾರ. ಇವೆಲ್ಲ ಪ್ರಭುತ್ವದ ಕೈಬರಹ. ಒಂದು ಇಲಾಖೆ ಒಂದು ಅಚ್ಚಿನಲ್ಲಿ ತಯಾರಿಸಿ ದೇಶದುದ್ದಕ್ಕೂ ನೆಟ್ಟ ವಸ್ತುಗಳಾದ್ದರಿಂದಲೇ ಅವು ಸುಳ್ಳು ಹೇಳುವುದಿಲ್ಲ. ಇನ್ನೊಂದು ಬಗೆಯ ಕುರುಹುಗಳಿಗೆ ಸ್ಥಳದೊಡನೆ ಸಂಬಂಧವೇ ಇಲ್ಲ. ಘಾನಾದ ಚಿತ್ರಗಳಲ್ಲಿ ಕ್ಯಾಮೆರಾ ಕಾರಿನ ಛಾವಣಿಯ ಸರಳಿಗೆ ಸುತ್ತಿದ ಕಪ್ಪು ಟೇಪು ಕಾಣುತ್ತದೆ. ಕೆನ್ಯಾದ ಚಿತ್ರಗಳಲ್ಲಿ ಕಾರಿನ ಪಕ್ಕದಿಂದ ಮೇಲೆದ್ದ ಗಾಳಿಕೊಳವೆ ಕಾಣುತ್ತದೆ. ಟೇಪನ್ನು ನೋಡಿ ಘಾನಾ ಎಂದವರು ಘಾನಾವನ್ನು ಗುರುತಿಸಲಿಲ್ಲ, ಅದನ್ನು ಚಿತ್ರೀಕರಿಸಿದ ಕಾರನ್ನು ಗುರುತಿಸಿದರು. ಡೇವೀಸ್ ಅವರ ಮಾರ್ಗದ ಹಿರಿಮೆ ಇಲ್ಲಿದೆ: ಅವರ ಊಹೆ ತಪ್ಪಿದಾಗಲೂ ನೋಡುಗರಿಗೆ ಒಂದು ಪ್ರದೇಶದ ಪರಿಚಯ ಉಳಿಯುತ್ತದೆ. ಟೇಪಿನ ಉತ್ತರ ಸರಿಯಾದಾಗಲೂ ಏನೂ ಉಳಿಯುವುದಿಲ್ಲ.

ಈ ಪ್ರಕಾರದ ನಿಜವಾದ ಪರೀಕ್ಷೆ ನಡೆಯುವುದು ಭಾಷೆಯ ಮೇರೆಯೂ ಆಡಳಿತದ ಮೇರೆಯೂ ಒಂದಾಗದ ಕಡೆ. ರೊಮೇನಿಯಾದ ಹರ್ಗಿತಾ ಮತ್ತು ಕೊವಾಸ್ನಾ ಜಿಲ್ಲೆಗಳಲ್ಲಿ ಹಂಗೇರಿಯನ್ ಮಾತಾಡುವವರೇ ಬಹುಸಂಖ್ಯಾತರು. ಈ ಜಿಲ್ಲೆಗಳು ಹಂಗೇರಿಯ ಗಡಿಗೆ ಅಂಟಿಕೊಂಡಿಲ್ಲ, ರೊಮೇನಿಯಾದ ನಡುಭಾಗದಲ್ಲಿವೆ. ಮಿಯೆರ್ಕುರೆಯಾ ಚುಕ್ ಪಟ್ಟಣದ ಫಲಕದಲ್ಲಿ ಚೀಕ್‌ಸೆರೆದಾ ಎಂಬ ಹಂಗೇರಿಯನ್ ಹೆಸರೂ ಇದೆ. ಅಂಗಡಿಯ ಬರಹವನ್ನಷ್ಟೇ ನಂಬಿ ಹಂಗೇರಿಯ ಮೇಲೆ ಗುರುತು ಹಾಕಿದ ಹೊಸಬರು ನೂರಾರು ಕಿಲೋಮೀಟರ್ ತಪ್ಪುತ್ತಾರೆ. ಪಳಗಿದವರು ತಪ್ಪುವುದಿಲ್ಲ, ಏಕೆಂದರೆ ಅವರು ಇಂಥ ಕಡೆ ಜನರ ಭಾಷೆಗಿಂತ ರಸ್ತೆಯ ಗೂಟವನ್ನು ನಂಬಲು ಕಲಿತಿರುತ್ತಾರೆ. ಶತಮಾನಗಳಿಂದ ಅಲ್ಲಿ ನೆಲೆಸಿದ ಸಮುದಾಯದ ಭಾಷೆ ಆಟದ ವ್ಯಾಕರಣದಲ್ಲಿ ದಾರಿತಪ್ಪಿಸುವ ಕುರುಹಾಗುತ್ತದೆ. ಇತ್ತೀಚೆಗೆ ನೆಟ್ಟ ಗೂಟ ಸಾಕ್ಷಿಯಾಗುತ್ತದೆ.

ಅಂಕದ ಲೆಕ್ಕವೂ ಎರಡು ಬಗೆಯದು ಎಂಬುದು ಅರ್ಥಪೂರ್ಣ. ದೂರವನ್ನು ಅಳೆಯುವ ಆಟಕ್ಕೆ ಗಡಿರೇಖೆ ಗೊತ್ತಿಲ್ಲ. ಗಡಿಯಾಚೆಗೆ ಐವತ್ತು ಕಿಲೋಮೀಟರ್ ತಪ್ಪಿದರೂ ವಿಶ್ವನಕ್ಷೆಯ ಆಟದಲ್ಲಿ ಕಳೆದುಕೊಳ್ಳುವ ಅಂಕ ಅತ್ಯಲ್ಪ. ದೇಶದ ಹೆಸರನ್ನೇ ಕೇಳುವ ಸರಣಿ ಆಟದಲ್ಲಿ ಅದೇ ತಪ್ಪಿಗೆ ಕ್ಷಮೆಯಿಲ್ಲ, ಸರಣಿ ಅಲ್ಲಿಗೇ ಮುಗಿಯುತ್ತದೆ. ಮೊದಲನೆಯದರಲ್ಲಿ ನೆಲ ಒಂದರೊಳಗೊಂದು ಕರಗುತ್ತ ಹೋಗುತ್ತದೆ. ಎರಡನೆಯದರಲ್ಲಿ ಕತ್ತರಿಸಿ ಇಟ್ಟಂತಿರುತ್ತದೆ. ಗಡಿನಾಡಿನ ಬದುಕು ಮೊದಲನೆಯ ಲೆಕ್ಕದಂತೆ ನಡೆಯುತ್ತದೆ, ಕಚೇರಿಯ ಕಡತ ಎರಡನೆಯದರಂತೆ.

ಈ ಆಟಗಾರರ ಕಣ್ಣು ಸೂಕ್ಷ್ಮವಾದುದೆಂಬುದನ್ನು ಒಪ್ಪಲೇಬೇಕು. ಫಿನ್‌ಲೆಂಡಿನ ದ್ವಿಭಾಷಾ ಪುರಸಭೆಗಳಲ್ಲಿ ಸ್ಥಳೀಯ ಬಹುಸಂಖ್ಯಾತರ ಭಾಷೆ ಫಲಕದ ಮೇಲಿನ ಸಾಲಿನಲ್ಲಿರುತ್ತದೆ. ಸ್ವೀಡಿಷ್ ಮೇಲಿದ್ದರೆ ಕರಾವಳಿಯ ಕಡೆ ಹುಡುಕಬೇಕೆಂದು ಅವರು ಬಲ್ಲರು. ಫಲಕದ ಸಾಲುಗಳ ಮೇಲುಕೆಳಗನ್ನು ಇಷ್ಟು ಎಚ್ಚರದಿಂದ ನೋಡುವ ಪ್ರೇಕ್ಷಕ ಸಮುದಾಯ ಹಿಂದೆ ಇರಲಿಲ್ಲ. ಆದರೆ ಸಾಲಿನ ಸ್ಥಾನ ತಿಳಿದ ಮೇಲೆ ಅದು ಏಕೆ ಅಲ್ಲಿದೆ ಎಂದು ವಿಡಿಯೊ ಕೇಳುವುದಿಲ್ಲ. ಆಸ್ಟ್ರಿಯದ ಕಾರಿಂಥಿಯಾದಲ್ಲಿ ಜರ್ಮನ್ ಜೊತೆ ಸ್ಲೊವೀನ್ ಹೆಸರಿದ್ದ ಊರ ಫಲಕಗಳನ್ನು 1972ರಲ್ಲಿ ಗುಂಪುಗಳು ಕಿತ್ತೊಗೆದವು. 164 ಊರುಗಳಿಗೆ ದ್ವಿಭಾಷಾ ಫಲಕ ಹಾಕುವ ಒಪ್ಪಂದವಾಗಲು 2011 ಬರಬೇಕಾಯಿತು. ಅಲ್ಲಿನ ಒಂದೊಂದು ಫಲಕವೂ ನಾಲ್ಕು ದಶಕಗಳ ಜಗಳದ ಫಲ. ಆಟಕ್ಕೆ ಅದು ಆಸ್ಟ್ರಿಯದ ದಕ್ಷಿಣ ಭಾಗವನ್ನು ತೋರಿಸುವ ಸುಳಿವು, ಅಷ್ಟೇ.

ಭಾರತದಲ್ಲಿ ಈ ಚಿತ್ರಸಂಗ್ರಹದ ಚರಿತ್ರೆ ಬೇರೆ. ಗೂಗಲ್ 2011ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಚಿತ್ರೀಕರಣವನ್ನು ಪೊಲೀಸರು ನಿಲ್ಲಿಸಿದರು. 2016ರಲ್ಲಿ ಕೇಂದ್ರ ಸರ್ಕಾರ ಅನುಮತಿ ನಿರಾಕರಿಸಿತು. 2022ರ ಜುಲೈಯಲ್ಲಿ ಭಾರತೀಯ ಕಂಪನಿಗಳ ಸಹಯೋಗದಲ್ಲಿ ಹತ್ತು ನಗರಗಳ ಚಿತ್ರಗಳು ಪ್ರಕಟವಾದವು. ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬೈ, ಪುಣೆ ಆ ಪಟ್ಟಿಯಲ್ಲಿದ್ದವು. ಕನ್ನಡದ ಗಡಿನಾಡಿನ ಒಂದು ಊರೂ ಇರಲಿಲ್ಲ. ಲಿಪಿಗಳು ಒಂದೊಂದು ರಾಜ್ಯಕ್ಕೆ ಒಂದೊಂದು ಎಂಬಂತೆ ಹಂಚಿಹೋಗಿರುವ ನಮ್ಮ ದೇಶದಲ್ಲಿ ಲಿಪಿಯೇ ಆಟದ ಮುಖ್ಯ ಸುಳಿವು. ಕನ್ನಡ ಓದಲು ಬಾರದ ಆಟಗಾರರೂ ತಲೆಕಟ್ಟಿನ ಆಕಾರದಿಂದ ಅದನ್ನು ತೆಲುಗಿನಿಂದ ಬೇರ್ಪಡಿಸಬಲ್ಲರು. ಈ ಜಾಣ್ಮೆ ಗಡಿಯಲ್ಲಿ ಎರಡು ರೀತಿಯಲ್ಲಿ ಸೋಲುತ್ತದೆ. ಕಾಸರಗೋಡಿನ ಕನ್ನಡ ಫಲಕ ಕರ್ನಾಟಕದ ಕಡೆಗೆ ಬೆರಳು ತೋರಿಸುತ್ತದೆ. ಆ ಅಂಗಡಿಯವರ ಮನೆಮಾತು ತುಳುವೂ ಆಗಿರಬಹುದು. ಮಡಕಶಿರಾದ ತೆಲುಗು ಫಲಕದ ಹಿಂದೆ, ತಾಳವಾಡಿಯ ತಮಿಳು ಫಲಕದ ಹಿಂದೆ ಕನ್ನಡದ ಮನೆಗಳಿರುತ್ತವೆ, ಚಿತ್ರಕ್ಕೆ ಅವು ಕಾಣುವುದಿಲ್ಲ. ಭಾಷಿಕ ಭೂದೃಶ್ಯದ ಅಧ್ಯಯನಕ್ಕೆ 1997ರಲ್ಲಿ ತಳಹದಿ ಹಾಕಿದ ಲಾಂಡ್ರಿ ಮತ್ತು ಬೂರಿಸ್ ಫಲಕಕ್ಕೆ ಮಾಹಿತಿಯ ಕೆಲಸವಲ್ಲದೆ ಸಂಕೇತದ ಕೆಲಸವೂ ಇದೆ ಎಂದರು: ಈ ಭಾಷೆಗೆ ಇಲ್ಲಿ ಸ್ಥಾನವಿದೆ ಎಂದು ಅದು ತನ್ನವರಿಗೂ ಪರರಿಗೂ ಹೇಳುತ್ತದೆ. ಮಂಜೇಶ್ವರ ಮತ್ತು ಮಂಜೇಶ್ವರಂ ಎಂಬ ರೂಪಗಳ ನಡುವಿನ ಒಂದು ಸೊನ್ನೆಯ ಅಂತರ ಇಂಥ ಸಂಕೇತ. ಆಟದಲ್ಲಿ ಆ ಸೊನ್ನೆಗೆ ಬೆಲೆಯಿಲ್ಲ.

ಶಂ.ಬಾ. ಜೋಶಿಯವರು ಸ್ಥಳನಾಮಗಳನ್ನು ಆಧಾರವಾಗಿಟ್ಟುಕೊಂಡು ಇಂದಿನ ಮಹಾರಾಷ್ಟ್ರದೊಳಗೆ ಕನ್ನಡದ ಹಳೆಯ ನೆಲೆಗಳನ್ನು ಅರಸಿದ್ದನ್ನು ಇಲ್ಲಿ ನೆನೆಯಬೇಕು. ಅವರ ನಿರ್ಣಯಗಳನ್ನು ಒಪ್ಪದವರಿಗೂ ವಿಧಾನದ ಅಂತರ ಸ್ಪಷ್ಟ. ಅವರದೂ ಚಿಕ್ಕ ಕುರುಹಿನ ಓದೇ. ಆದರೆ ಕುರುಹು ಸಿಕ್ಕಲ್ಲಿ ಅವರ ಕೆಲಸ ಆರಂಭವಾಗುತ್ತದೆ. ಈ ಹೆಸರು ಇಲ್ಲಿಗೆ ಹೇಗೆ ಬಂತು, ಹೆಸರಿಟ್ಟವರು ಏನಾದರು ಎಂದು ಅವರು ಮುಂದೆ ಹೋಗುತ್ತಾರೆ. ಜಿಯೋಗೆಸ್ಸರ್‌ನಲ್ಲಿ ಕುರುಹು ಸಿಕ್ಕಲ್ಲಿಗೆ ಸ್ಥಳ ಮುಗಿಯುತ್ತದೆ, ಮುಂದಿನ ಚಿತ್ರ ಬರುತ್ತದೆ.

ಈ ಮಿತಿಯನ್ನು ದಾಟಿದ ವಿಡಿಯೊಗಳೂ ಇವೆ, ಅವು ರೈನ್‌ಬೋಲ್ಟ್ ಅವರವೇ ಎಂಬುದು ಗಮನಾರ್ಹ. ತೀರಿಹೋದ ತಂದೆಯ ಅಥವಾ ತಾಯಿಯ ಹಳೆಯ ಫೋಟೊ ಕಳಿಸಿ, ಇದು ಎಲ್ಲಿ ತೆಗೆದದ್ದೆಂದು ಕೇಳಿದವರಿಗೆ ಅವರು ಆ ಜಾಗವನ್ನು ಹುಡುಕಿಕೊಟ್ಟಿದ್ದಾರೆ. ಅಲ್ಲಿ ವೇಗದ ಪ್ರದರ್ಶನವಿಲ್ಲ, ಅಂಕವೂ ಇಲ್ಲ. ಸ್ಥಳ ಒಬ್ಬರ ನೆನಪಿಗೆ ಮರಳಿ ಸೇರುತ್ತದೆ. ಪ್ರಕಾರದ ಅತ್ಯುತ್ತಮ ಸಾಧನೆ ಆಟದ ನಿಯಮದ ಹೊರಗೆ ನಡೆದಿದೆ.

ನಮ್ಮ ಅಧ್ಯಯನಗಳು ಈ ಆಟಗಾರರಿಂದ ಪಡೆಯಬೇಕಾದದ್ದು ಅವರ ಗಮನದ ಶಿಸ್ತನ್ನು: ಯಾವ ಭಾಷೆ ಮೇಲೆ, ಯಾವುದು ಸಣ್ಣಕ್ಷರದಲ್ಲಿ, ಯಾವುದು ಕೈಬರಹದಲ್ಲಿ ಮಾತ್ರ ಎಂಬುದನ್ನು ದಾಖಲಿಸುವ ತಾಳ್ಮೆಯನ್ನು. ಸ್ಟ್ರೀಟ್ ವ್ಯೂ 2014ರಿಂದ ಒಂದೇ ಸ್ಥಳದ ಹಳೆಯ ಚಿತ್ರಗಳನ್ನೂ ತೋರಿಸುತ್ತಿದೆ. ಕ್ಯಾಮೆರಾ ಕಾರು ಮರಳಿ ಬಂದ ಊರುಗಳಲ್ಲಿ ಒಂದು ಫಲಕ ಯಾವಾಗ ಬದಲಾಯಿತು, ಯಾವ ಸಾಲು ಮಾಯವಾಯಿತು ಎಂದು ವರ್ಷದ ಸಮೇತ ತೋರಿಸಲು ಸಾಧ್ಯ. ಆ ದಾಖಲೆಯ ಪಕ್ಕದಲ್ಲಿ ಮನೆಯೊಳಗಿನ ಮಾತಿನ ಕ್ಷೇತ್ರಕಾರ್ಯವನ್ನು ಇಡಬೇಕಾದವರು ನಾವು. ಆ ಕೆಲಸಕ್ಕೆ ರಸ್ತೆಯಿಂದ ಇಳಿದು ಬಾಗಿಲು ತಟ್ಟಲೇಬೇಕು.