ಬಣ್ಣ ಹೋಯಿತು, ಉಪ್ಪು ಉಳಿಯಿತು: ಇಂಗಾಲದ ಶೋಧಕ ಕುರಿತು ಒಂದು ವಿಮರ್ಶೆ

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಈ ಪ್ರಯೋಗವನ್ನು ನೀವು ನೋಡಿರಬಹುದು. ಶಾಯಿ ಬೆರೆಸಿದ ನೀರನ್ನು ಸಕ್ರಿಯ ಇಂಗಾಲದ ಪುಡಿಯ ಮೂಲಕ ಸೋಸುತ್ತಾರೆ. ಕೆಳಗಿನ ಲೋಟದಲ್ಲಿ ತಿಳಿನೀರು ಸಂಗ್ರಹವಾಗುತ್ತದೆ. ಪಕ್ಕದ ಫಲಕದಲ್ಲಿ ‘ನೀರಿನ ಶುದ್ಧೀಕರಣ’ ಎಂದು ಬರೆದಿರುತ್ತದೆ. ಪ್ರಯೋಗ ಸರಿಯಾಗಿದೆ, ಫಲಕ ತಪ್ಪು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಂಥ ಕಡಲ ಕರೆಯ ಊರುಗಳಲ್ಲಿ ಈ ತಪ್ಪು ಆರೋಗ್ಯಕ್ಕೇ ಎರವಾಗಬಹುದು.

ಮೊದಲು ಇಂಗಾಲದ ಗುಣವನ್ನು ನೋಡೋಣ. ತೆಂಗಿನ ಗೆರಟೆಯನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹಬೆ ಹಾಯಿಸಿದರೆ ಅದರೊಳಗೆ ಅಸಂಖ್ಯ ಸೂಕ್ಷ್ಮರಂಧ್ರಗಳು ತೆರೆದುಕೊಳ್ಳುತ್ತವೆ. ಇದೇ ಸಕ್ರಿಯ ಇಂಗಾಲ. ಇದರ ಒಂದು ಗ್ರಾಮಿನ ಒಟ್ಟು ಮೇಲ್ಮೈ 500ರಿಂದ 1500 ಚದರ ಮೀಟರ್ ಇರಬಲ್ಲದು. ಈ ಮೇಲ್ಮೈಗೆ ಅಣುಗಳು ಅಂಟಿಕೊಳ್ಳುವುದನ್ನು ಅಧಿಶೋಷಣೆ ಎನ್ನುತ್ತೇವೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಪಾಡಿದ ಮುಖವಾಡಗಳಲ್ಲಿ ಗೆರಟೆಯ ಇದ್ದಿಲನ್ನೂ ಬಳಸಲಾಗಿತ್ತು. ಒಲೆಯ ಸಾಮಾನ್ಯ ಇದ್ದಿಲಿಗೆ ಇಷ್ಟು ಸಾಮರ್ಥ್ಯವಿಲ್ಲ.

ಬಣ್ಣ, ದುರ್ವಾಸನೆ, ಕ್ಲೋರಿನ್ ಮತ್ತು ಅನೇಕ ಕೀಟನಾಶಕಗಳನ್ನು ಸಕ್ರಿಯ ಇಂಗಾಲ ಚೆನ್ನಾಗಿ ಹಿಡಿಯುತ್ತದೆ. ಕಾಸರಗೋಡು, ದಕ್ಷಿಣ ಕನ್ನಡಗಳ ಗೇರು ತೋಪುಗಳ ಮೇಲೆ ಸಿಂಪಡಿಸಲಾಗುತ್ತಿದ್ದ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿದ ಎಂಡೋಸಲ್ಫಾನ್ ಇಂಥದೊಂದು ಸಾವಯವ ರಾಸಾಯನಿಕ. ಈ ಕೆಲಸಕ್ಕೆ ಇಂಗಾಲವನ್ನು ಮೆಚ್ಚಲೇಬೇಕು.

ಆದರೆ ನಮ್ಮ ಬಾವಿಗಳ ತೊಂದರೆ ಯಾವುದು? ಒಂದು, ಉಪ್ಪು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೂ ಏಪ್ರಿಲ್-ಮೇ ತಿಂಗಳಲ್ಲಿ ಹಿನ್ನೀರಿನ ಬಳಿಯ ಬಾವಿಗಳು ಉಪ್ಪಾಗುತ್ತವೆ. ಕಡಲ ಬದಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಒಂದು ಮೀಟರ್ ಇಳಿದರೆ ಕೆಳಗಿನ ಉಪ್ಪುನೀರು ಸುಮಾರು 40 ಮೀಟರ್ ಮೇಲೇರಬಹುದೆಂದು ಸರಳ ಲೆಕ್ಕ ತಿಳಿಸುತ್ತದೆ. ಪಂಪು ಹೆಚ್ಚು ಓಡಿದಷ್ಟೂ ಅಪಾಯ ಹೆಚ್ಚು. ನೀರಿನಲ್ಲಿ ಕರಗಿದ ಸೋಡಿಯಂ, ಕ್ಲೋರೈಡ್ ಅಯಾನುಗಳು ನೀರನ್ನು ಬಿಟ್ಟು ಇಂಗಾಲಕ್ಕೆ ಅಂಟುವುದಿಲ್ಲ. ನೈಟ್ರೇಟನ್ನೂ ಸಾಮಾನ್ಯ ಇಂಗಾಲದ ಶೋಧಕ ಬಹುಮಟ್ಟಿಗೆ ತಡೆಯಲಾರದು.

ಎರಡು, ರೋಗಾಣು. ಮುರಕಲ್ಲಿನ ನೆಲ ತೂತು ತೂತು. ಶೌಚದ ಗುಂಡಿ ಬಾವಿಗೆ ಹತ್ತಿರವಿದ್ದರೆ ಕೊಳಕು ಸುಲಭವಾಗಿ ಬಾವಿ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಇ. ಕೋಲಿ ಒಂದೂ ಕಾಣಬಾರದು. ಬ್ಯಾಕ್ಟೀರಿಯದ ಗಾತ್ರ ಸುಮಾರು 1000 ನ್ಯಾನೋಮೀಟರ್. ಇಂಗಾಲದ ಸೂಕ್ಷ್ಮರಂಧ್ರ 2 ನ್ಯಾನೋಮೀಟರಿಗಿಂತ ಕಿರಿದು. ರೋಗಾಣು ಅದರೊಳಗೆ ಸೆರೆಯಾಗುವ ಮಾತೇ ಇಲ್ಲ. ಬದಲಿಗೆ, ಕಣಗಳ ಹೊರಮೈಯಲ್ಲಿ ನೆಲೆಸಿ, ಅಲ್ಲಿ ಸೇರಿದ ಸಾವಯವ ವಸ್ತುವನ್ನೇ ತಿಂದು ಬೆಳೆಯಬಲ್ಲದು. ಬ್ಲೀಚಿಂಗ್ ಪುಡಿ ಹಾಕಿದ ನೀರಿನಲ್ಲಿ ಕಾವಲಿರುವ ಕ್ಲೋರಿನನ್ನೂ ಇಂಗಾಲ ಕಸಿದುಕೊಳ್ಳುತ್ತದೆ.

ನೀರು ತಿಳಿಯಾಯಿತು, ವಾಸನೆ ಹೋಯಿತು ಎಂದು ನಂಬಿ ಮನೆಯವರು ಕುದಿಸುವುದನ್ನು ನಿಲ್ಲಿಸಿದರೆ ಏನಾದೀತು? ಶೋಧಕ ತಂದ ಮೇಲೆ ಮಗುವಿಗೆ ಭೇದಿ ಹಿಡಿದರೆ ಯಾರೂ ಶೋಧಕವನ್ನು ಶಂಕಿಸುವುದಿಲ್ಲ. ದೋಷ ಇಂಗಾಲದ್ದಲ್ಲ, ಅದರ ಒಂದು ಗುಣವನ್ನು ಎಲ್ಲ ಗುಣವೆಂದು ತೋರಿಸಿದ ನಮ್ಮದು.

ಹಾಗಾದರೆ ಮಾಡಬೇಕಾದುದೇನು? ಬಾವಿ ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ಪರೀಕ್ಷೆ ಮಾಡಿಸಿ. ಶೋಧಕವಿರಲಿ, ಇಲ್ಲದಿರಲಿ, ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ. ಕುದಿಸಿದರೆ ಉಪ್ಪು ಹೋಗದು. ಅದಕ್ಕೆ ಪಂಪಿನ ಮಿತಬಳಕೆ ಮತ್ತು ಮಾಡಿನ ಮಳೆನೀರನ್ನು ಸೋಸಿ ಬಾವಿಗೆ ಇಂಗಿಸುವುದು ಬೇಕು. ಶೋಧಕವಿದ್ದರೆ ಇಂಗಾಲವನ್ನು ಕಾಲಕಾಲಕ್ಕೆ ಬದಲಿಸಿ. ಅದರ ರಂಧ್ರಗಳು ತುಂಬಿದ ಮೇಲೆ ಅದು ಏನನ್ನೂ ಹಿಡಿಯದು.

ಶಿಕ್ಷಕರಿಗೆ ಒಂದು ಮಾತು. ಮುಂದಿನ ಬಾರಿ ಶಾಯಿಯ ಜೊತೆ ಒಂದು ಚಮಚ ಉಪ್ಪನ್ನೂ ಕರಗಿಸಿ. ಸೋಸಿದ ತಿಳಿನೀರಿನ ಕೆಲವು ಹನಿಗಳನ್ನು ಸ್ಟೀಲ್ ತಟ್ಟೆಯ ಮೇಲೆ ಕಾಯಿಸಿ ಆರಿಸಿ. ಉಳಿದ ಬಿಳಿ ಕಲೆಯನ್ನು ಮಕ್ಕಳೇ ನೋಡಲಿ. ಬಳಿಕ ಫಲಕವನ್ನು ತಿದ್ದಿ ಬರೆಸಿ: ‘ಬಣ್ಣ ಮತ್ತು ವಾಸನೆಯ ನಿವಾರಣೆ’.